ಮುಂದಿನ ಸೀಟಿನ ಶಾಲು

ಅವರ ಬಲಗೈಯ ಮಣಿಕಟ್ಟು ಸೊಟ್ಟಗಿತ್ತು. ಬಸ್ಸು ಚಾಲೂ ಮಾಡಲು ಅದರ ಮೂತಿಗೆ ಹ್ಯಾಂಡಲು ಹಾಕಿ ತಿರುಗಿಸುವಾಗ ಅದೊಮ್ಮೆ ಹಿಂದಕ್ಕೆ ಒದ್ದು ಮೂಳೆ ಮುರಿದಿತ್ತಂತೆ. ನಾಟಿ ವೈದ್ಯರ ಕಟ್ಟು ಸರಿಯಾಗಿ ಕೂಡಲಿಲ್ಲ. ಊಟಕ್ಕೆ ಕೂತರೆ ತುತ್ತು ನೇರವಾಗಿ ಬಾಯಿಗೆ ಹೋಗದೆ ಸ್ವಲ್ಪ ಬಳಸಿಕೊಂಡು ಹೋಗುತ್ತಿತ್ತು. ಸ್ಟಿಯರಿಂಗು ಹಿಡಿದರೆ ಮಾತ್ರ ಆ ಕೈಯಲ್ಲಿ ಊನವಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹುಣಸೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಊರೆಲ್ಲ ಅವರನ್ನು ಡ್ರೈವರ್ ಸಾಬರು ಎನ್ನುತ್ತಿತ್ತು, ನಾನು ಡ್ರೈವರ್ ಮಾಮ ಎನ್ನುತ್ತಿದ್ದೆ. ಮೈಸೂರಿಗೆ ಹೋಗಿಬರುವ ಬಸ್ಸು ಅವರದು. ಅವರದು ಎಂದರೆ ಓಡಿಸುವುದಕ್ಕೆ ಅವರದು, ಮಾಲೀಕರು ಬೇರೆ. ಸಂಜೆ ಬಸ್ಸು ತಂದು ನಿಲ್ಲಿಸಿ, ಕೈಕಾಲು ತೊಳೆದು ನಮಾಜು ಮುಗಿಸಿ, ನಮ್ಮ ಜಗಲಿಗೆ ಬಂದು ಕೂತರೆ ಬೈಗುಳ ಶುರುವಾಗುತ್ತಿತ್ತು. ಹಗಲು ಗಾಲಿಯ ಮೇಲೆ ಓಡಿಸಿದ ದಾರಿಯನ್ನು ಸಂಜೆ ಇನ್ನೊಂದು ಸಲ ನಾಲಿಗೆಯ ಮೇಲೆ ಓಡಿಸುತ್ತಿದ್ದರು. ಬಾಯಿ ಒಳ್ಳೆಯದಲ್ಲ ಎಂದು ಅಮ್ಮ ಗೊಣಗುತ್ತಿದ್ದಳು. ಗೊಣಗುತ್ತಲೇ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ಅವರು ನಾಲ್ಕು ಊರಿನ ನೀರು ಕುಡಿದವರು. ಬೆಂಗಳೂರಿನ ದಂಡಿನಲ್ಲಿ, ಎಂದರೆ ಬಿಳಿಯರ ಕಂಟೋನ್ಮೆಂಟಿನಲ್ಲಿ, ಲಾರಿ ಓಡಿಸಿದ್ದರು, ಮಡಿಕೇರಿಯಲ್ಲಿ ಕಾಫಿ ತೋಟದವರ ಮೋಟಾರು, ಮೈಸೂರಿನಲ್ಲಿ ಡಾಕ್ಟರೊಬ್ಬರ ಕಾರು. ಒಂದೊಂದು ಊರಿನವರು ಗಾಡಿ ಹೊಡೆಯುವ ರೀತಿಗೂ ಅವರ ಹತ್ತಿರ ಒಂದೊಂದು ತೀರ್ಪಿತ್ತು.

“ದಂಡಲ್ಲಿ ಎಲ್ಲಾರ್ಗೂ ರೂಲು ಗೊತ್ತು ಕಣವ್ವ. ಎಡಕ್ಕೆ ಅಂದ್ರೆ ಎಡಕ್ಕೇ. ಆದ್ರೆ ನೀನು ಗಾಡಿ ಸಮೇತ ಚರಂಡಿಗೆ ಬಿದ್ದಿದ್ರೂ ಯಾರೂ ಇಳಿದು ನೋಡಾಕಿಲ್ಲ. ಅದು ರೂಲಲ್ಲಿ ಇಲ್ವಲ್ಲ.”

ಮೈಸೂರಿನ ಮಾತು ಬಂದರೆ ಗೊಗ್ಗರು ದನಿಯಲ್ಲಿ ನಗುತ್ತಿದ್ದರು. “ಅಲ್ಲಿ ಓಡ್ಸೋದು ಕಮ್ಮಿ, ನಿಲ್ಸೋದೇ ಜಾಸ್ತಿ. ಒಂದು ದೊಡ್ಡ ಕಾರು ಕಂಡ್ರೆ ಸಾಕು, ಟಾಂಗಾದೋನು, ಸೈಕಲ್ನೋನು, ಎಮ್ಮೆ ಹೊಡ್ಕೊಂಡು ಓಗೋನು, ಎಲ್ಲಾ ರುಮಾಲು ಸರಿ ಮಾಡ್ಕೊಂಡು ನಿಂತ್ಕೊತಾರೆ. ಹತ್ರ ಬಂದ್ಮೇಲೆ ನೋಡಿದ್ರೆ ಒಳಗೆ ಅಡುಗೆಭಟ್ಟ ಕುಂತಿರ್ತಾನೆ, ತೊಡೆ ಮೇಲೆ ಬದನೆಕಾಯಿ ಚೀಲ ಇಟ್ಕೊಂಡು.”

ನಮ್ಮ ಸೀಮೆಯ ಮೇಲೂ ಕರುಣೆಯಿರಲಿಲ್ಲ. ಪಿರಿಯಾಪಟ್ಟಣದ ಕಡೆಯವರು ರಸ್ತೆಯನ್ನು ಕಣವೆಂದು ತಿಳಿದವರು. ಹುರುಳಿ ಕಿತ್ತು ತಂದು ರಸ್ತೆಗೆ ಹರಡಿ, ಬಸ್ಸಿನ ಗಾಲಿಯಲ್ಲಿ ಒಕ್ಕಣೆ ಮಾಡಿಸಿಕೊಂಡು, ಮೇಲೆ “ನಿಧಾನಕ್ಕೆ ಓಗಪ್ಪ, ಕಾಳು ಸಿಡಿತದೆ” ಎಂದು ಬುದ್ಧಿ ಹೇಳುವವರು. ಕೋಟೆ ತಾಲೂಕಿನ ಕಡೆಯಿಂದ ಬರುವ ಬಿದಿರು ಗಾಡಿಯವರು ಎತ್ತುಗಳಿಗೆ ದಾರಿ ಒಪ್ಪಿಸಿ ಮಲಗಿಬಿಡುವವರು; ಹಿಂದೆ ಬಿದಿರಿನ ಬಾಲ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಗುಡಿಸಿಕೊಂಡು ಹೋಗುತ್ತಿರುತ್ತದೆ. ಈಗ ಕೃಷ್ಣರಾಜನಗರ ಎನ್ನುವ ಎಡತೊರೆಯ ಕಡೆಯ ಭೇರ್ಯಕ್ಕೆ ನನ್ನನ್ನು ಮದುವೆ ಮಾಡಿ ಕೊಟ್ಟಾಗ, “ಭೇರ್ಯಕ್ಕಾ? ಓಗು ಬುಡವ್ವ, ಅಲ್ಲಿ ಎಮ್ಮೆಗಳೇ ವಾಸಿ, ಹಾರನ್ ಒಡದ್ರೆ ತಿರುಗಿಯಾದ್ರೂ ನೋಡ್ತವೆ” ಎಂದು ನನ್ನ ಗಂಡನ ಎದುರಿಗೇ ಹೇಳಿದ್ದರು.

ಅವರು ಹೊಗಳಿದ್ದು ಒಂದೇ ಊರನ್ನು. “ಮಡಿಕೇರಿ ಗಾಟಿಯಲ್ಲಿ ಹತ್ತೋ ಗಾಡಿಗೆ ದಾರಿ. ಇಳಿಯೋನು ದೊರೆ ಆಗಿದ್ರೂ ನಿಲ್ಬೇಕು. ಯಾಕೆ ಅಂದ್ರೆ ಹತ್ತೋನು ನಿಂತ್ರೆ ಹಿಂದಕ್ಕೆ ಜಾರ್ತಾನೆ. ಕುಂತಿರೋನು ಯಾರು ಅಂತ ಕೇಳಾಕಿಲ್ಲ ಅಲ್ಲಿ, ಕಷ್ಟ ಯಾರ್ಗೆ ಅಂತ ಕೇಳ್ತಾರೆ.”

ಹುಣಸೂರಿನ ವಿಷಯಕ್ಕೆ ಬಂದರೆ ಮಾತ್ರ ಅವರ ನಗು ನಿಂತುಹೋಗುತ್ತಿತ್ತು. “ನಮ್ಮೂರ ಬಸ್ಸು ಪೆಟ್ರೋಲ್ ಮೇಲೆ ಓಡಾಕಿಲ್ಲ, ಮುಲಾಜಿನ ಮೇಲೆ ಓಡ್ತದೆ” ಎನ್ನುತ್ತಿದ್ದರು.

ಅದು ಮರದ ವ್ಯಾಪಾರದ ಸಾಹುಕಾರರ ಕುರಿತ ಮಾತು. ಬಸ್ಸಿನ ಮಾಲೀಕರ ಬೀಗರು ಅವರು. ಮೈಸೂರಿಗೆ ಹೋಗುವ ದಿನ ಅವರ ಆಳು ಬೆಳಿಗ್ಗೆಯೇ ಬಂದು, ಜರಿಯಂಚಿನ ಶಾಲನ್ನು ಮಡಿಸಿ ಡ್ರೈವರ್ ಪಕ್ಕದ ಸೀಟಿನ ಮೇಲೆ ಇಟ್ಟು ಹೋಗುತ್ತಿದ್ದ. ಶಾಲು ಕೂತಿತೆಂದರೆ ಸಾಹುಕಾರರು ಕೂತ ಹಾಗೆ. ಆಮೇಲೆ ಅವರ ಸ್ನಾನ, ಪೂಜೆ, ಫಲಾಹಾರ. ಅಲ್ಲಿಯವರೆಗೆ ಬಸ್ಸು ಕದಲುವಂತಿಲ್ಲ. ಒಳಗೆ ಕೋರ್ಟಿನಲ್ಲಿ ವಾಯಿದೆ ಇರುವವರು, ಬಾಡುತ್ತಿರುವ ಹೂವಿನ ಬುಟ್ಟಿಯವರು, ಜ್ವರದ ಮಕ್ಕಳನ್ನು ಹೊದಿಸಿಕೊಂಡ ತಾಯಂದಿರು, ಎಲ್ಲರೂ ಆ ಶಾಲನ್ನು ನೋಡುತ್ತಾ ಬೆವರುತ್ತಿದ್ದರು. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಸಾಹುಕಾರರ ಮನೆಯ ಕಡೆಗೆ ಹಾರನ್ ಒತ್ತಬಾರದೆಂದು ಮಾಲೀಕರ ಕಟ್ಟಪ್ಪಣೆ ಬೇರೆ, ಪೂಜೆಗೆ ಭಂಗ ಬರುತ್ತದಂತೆ. ಡ್ರೈವರ್ ಮಾಮ ಹಾರನ್ನಿನ ರಬ್ಬರು ಬುರುಡೆಯ ಮೇಲೆ ಕೈಯಿಟ್ಟುಕೊಂಡು ಒತ್ತದೆ ಕೂತಿರುತ್ತಿದ್ದರು. ನಮ್ಮೂರಿನ ಜನಕ್ಕೆ ಇದರಲ್ಲಿ ಅನ್ಯಾಯವೇ ಕಾಣುತ್ತಿರಲಿಲ್ಲ. ಮಳೆಗೆ ಕಾಯುವುದಿಲ್ಲವೇ, ಹಾಗೆ ಇದೂ ಒಂದು.

ಚೊಚ್ಚಲ ಬಾಣಂತನಕ್ಕೆಂದು ನಾನು ಭೇರ್ಯದಿಂದ ತವರಿಗೆ ಬಂದಿದ್ದೆ. ನೋವು ಶುರುವಾಗಿ ಒಂದು ರಾತ್ರಿ ಕಳೆಯಿತು. ಬೆಳಗಾಗುತ್ತಲೇ ಸೂಲಗಿತ್ತಿ ಕೈ ಒರೆಸಿಕೊಂಡು ಎದ್ದು, “ಮಗ ಅಡ್ಡ ನಿಂತದೆ. ನನ್ ಕೈಲಾಗಾಕಿಲ್ಲ, ಮೈಸೂರಿಗೆ ಹೊಂಡ್ಸಿ” ಎಂದಳು. ಅಪ್ಪ ಮತ್ತು ಪಕ್ಕದ ಬೀದಿಯವರು ನನ್ನನ್ನು ಹೊರಸಿನ ಮೇಲೆ ಹೊತ್ತು ಬಸ್ಸಿನ ಹತ್ತಿರ ತಂದರು. ಬಸ್ಸು ತುಂಬಿತ್ತು. ಮುಂದಿನ ಸೀಟಿನ ಮೇಲೆ ಶಾಲು ಕೂತಿತ್ತು.

“ಸಾಹುಕಾರ್ರು ಪೂಜೆಗೆ ಕುಂತವ್ರೆ. ಇನ್ನೇನು ಬತ್ತಾರೆ, ಒಸಿ ತಾಳಿ” ಎಂದ ಬಸ್ ಏಜೆಂಟು. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದೇ ನನಗೆ ಈಗಲೂ ಹೊಟ್ಟೆ ಉರಿಸುವುದು.

ಡ್ರೈವರ್ ಮಾಮ ಇಳಿದು ಬಂದು ನನ್ನ ಮುಖ ನೋಡಿದರು. ಹಿಂದಿನ ಉದ್ದ ಬೆಂಚಿನವರನ್ನು ಎಬ್ಬಿಸಿದರು. ಪಾಪ, ಅವರು ಎದ್ದರು. ಆಮೇಲೆ ಮುಂದಕ್ಕೆ ಹೋಗಿ ಆ ಶಾಲನ್ನು ಎತ್ತಿಕೊಂಡು ಬಂದು ಅಮ್ಮನ ಕೈಗೆ ಕೊಟ್ಟರು. “ಅಕ್ಕಾ, ಹಲಗೆ ಗಟ್ಟಿ. ಇದನ್ನ ಹಾಸಿ ಮಲಗ್ಸಿ.”

ಏಜೆಂಟು ಬೆಚ್ಚಿಬಿದ್ದ. “ಸಾಬ್ರೇ, ಅದು ಸಾಹುಕಾರ್ರ ಶಾಲು.”

“ಗೊತ್ತು ಬುಡು. ಶಾಲಿಗೇನು ನೋವಾಗಾಕಿಲ್ಲ.”

ಬಸ್ಸು ಹೊರಟಿತು. ಸಾಹುಕಾರರ ಮನೆಯ ಮುಂದೆ ಹಾಯುವಾಗ ಹಾರನ್ನಿನ ಬುರುಡೆ ಹಿಂಡಿದ್ದು ನೋವಿನ ನಡುವೆಯೂ ನನಗೆ ಕೇಳಿಸಿತು. ಆಮೇಲಿನದನ್ನು ಅಮ್ಮ ಹೇಳಿದ್ದು. ಬಿದಿರು ಗಾಡಿಗಳು ಅಡ್ಡ ಸಿಕ್ಕಾಗಲೆಲ್ಲ ಅವರು ತಲೆ ಹೊರಗೆ ಹಾಕಿ, “ಬಸುರಿ ಹೆಣ್ಮಗಳು ಅವ್ಳೆ, ದಾರಿ ಬುಡ್ರಪ್ಪಾ” ಎಂದು ಕೂಗುತ್ತಿದ್ದರಂತೆ. ಯಾರನ್ನು ದಿನಾ ಸಂಜೆ ಜಗಲಿಯಲ್ಲಿ ಬೈಯುತ್ತಿದ್ದರೋ ಆ ಗಾಡಿಯವರೇ ದಡಬಡಿಸಿ ಎದ್ದು ಎತ್ತುಗಳನ್ನು ಹೊಲಕ್ಕೆ ಇಳಿಸಿಬಿಟ್ಟರು. ಬಿಳಿಕೆರೆಯಲ್ಲಿ ಹೆಂಗಸರು ಹರಡಿದ್ದ ಹುರುಳಿಯನ್ನು ಕೈಗೆ ಸಿಕ್ಕಷ್ಟು ಬಾಚಿ ಪಕ್ಕಕ್ಕೆಳೆದರು. ಮೈಸೂರಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದರೂ ಬಸ್ಸು ನಿಲ್ಲದೆ, ಬಸ್ ಸ್ಟ್ಯಾಂಡಿಗೂ ಹೋಗದೆ, ಆಸ್ಪತ್ರೆಯ ಬಾಗಿಲಲ್ಲೇ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಮಗಳು ಹುಟ್ಟಿದಳು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದರು ಡಾಕ್ಟರಮ್ಮ. ಸಾಹುಕಾರರ ಫಲಾಹಾರ ಆ ಹೊತ್ತಿಗೆ ಮುಗಿದಿರಬೇಕು.

ಸಂಜೆ ಡ್ರೈವರ್ ಮಾಮ ಊರಿಗೆ ಮರಳಿದಾಗ ಮಾಲೀಕರ ಮನೆಯಿಂದ ಕರೆ ಬಂದಿತ್ತು. ಸಾಹುಕಾರರೂ ಅಲ್ಲೇ ಕೂತಿದ್ದರು. ಬಸ್ಸು ತಮ್ಮನ್ನು ಬಿಟ್ಟು ಹೋಯಿತೆಂದು ಅವರು ದೂರಲಿಲ್ಲ. ಹಾಗೆ ದೂರಿದರೆ ಹೆರಿಗೆ ನೋವಿನ ಹೆಂಗಸನ್ನು ಕಾಯಿಸಬೇಕಿತ್ತು ಎಂದಂತಾಗುತ್ತದೆ, ಊರು ಉಗಿಯುತ್ತದೆ. ಅಷ್ಟು ಬುದ್ಧಿ ಅವರಿಗಿತ್ತು. ಅವರು ಕೇಳಿದ್ದು ಒಂದೇ ಮಾತು: “ನನ್ನ ಶಾಲು ಎಲ್ಲಿ?”

ಶಾಲು ನನ್ನ ಕೆಳಗಿತ್ತು, ಆಸ್ಪತ್ರೆಯಲ್ಲಿ, ನೋಡುವ ಸ್ಥಿತಿಯಲ್ಲಿರಲಿಲ್ಲ. ಬೆಳಗಾಗುವುದರೊಳಗೆ ಸಾಬರು ಶಾಲು ಕದ್ದರು ಎಂದು ಸುದ್ದಿಯಾಯಿತು. ಮಾಲೀಕರು ನ್ಯಾಯ ಮಾಡುವವರಂತೆ ಆ ದಿನ ಬಸ್ಸಿನಲ್ಲಿದ್ದವರನ್ನು ಕರೆಸಿ ಕೇಳಿದರು. ಕೋರ್ಟಿನ ವಾಯಿದೆಗೆ ಅಂದು ಮೊದಲ ಸಲ ಹೊತ್ತಿಗೆ ಸರಿಯಾಗಿ ತಲುಪಿದವನು, “ನಾನು ಕಿಟಕಿ ಕಡೆ ನೋಡ್ತಿದ್ದೆ” ಎಂದ. ಹೂವಿನವನು, “ನಮಗೆಲ್ಲಿ ಕಾಣ್ತದೆ ಸ್ವಾಮಿ” ಎಂದ. ನನಗೆ ಬೆಂಚು ಬಿಟ್ಟುಕೊಟ್ಟವನಿಗಂತೂ ನಿದ್ದೆ ಹತ್ತಿತ್ತಂತೆ, ನಿಂತುಕೊಂಡೇ. ಅಪ್ಪ ಹೋಗಿ ನಡೆದದ್ದನ್ನೆಲ್ಲ ಹೇಳಿದರು. “ನಿಮ್ಮ ಮಗಳು ಉಳಿದದ್ದು ಸಂತೋಷ ಕಣ್ರೀ. ಶಾಲಿನ ಮಾತು ಬೇರೆ” ಎಂದು ಮಾಲೀಕರು ಎದ್ದುಹೋದರು.

ಮೈಸೂರಿನಿಂದ ಬಂದ ಮೇಲೆ ಅಮ್ಮ ಆ ಶಾಲನ್ನು ಅಂಟುವಾಳದ ಕಾಯಿ ಹಾಕಿ ತೊಳೆದು, ಒಣಗಿಸಿ, ಮಡಿಸಿಕೊಂಡು ಸಾಹುಕಾರರ ಮನೆಗೆ ಹೋದಳು. ಅವರು ಜಗಲಿಯಿಂದಲೇ ಕೈ ಅಡ್ಡ ಹಿಡಿದರು. “ಹೆರಿಗೆ ಮೈಲಿಗೆಯಾದ ಬಟ್ಟೆ ನಮ್ಮ ಹೊಸ್ತಿಲು ದಾಟಬಾರದು.”

“ಅಂಗಾದ್ರೆ ಸಾಬ್ರು ಕದ್ರು ಅನ್ಬ್ಯಾಡಿ ಸ್ವಾಮಿ, ಮೈಲಿಗೆ ಮಾಡಿದ್ರು ಅನ್ನಿ” ಎಂದಳಂತೆ ನನ್ನ ಅಮ್ಮ. ಗಂಡಸರ ಮುಂದೆ ಸೆರಗು ಹೊದೆಯದೆ ಮಾತಾಡದವಳು. ಸಾಹುಕಾರರು ಒಳಗೆ ಹೋದರು. ಕದ್ದರು ಎಂಬ ಮಾತು ಮಾತ್ರ ಹೊರಗೇ ಉಳಿಯಿತು.

ಕೆಲಸ ಹೋಯಿತು. ಪಿರಿಯಾಪಟ್ಟಣದ ಬಸ್ಸಿನವರು ಬೇಡವೆಂದರು, ಕೋಟೆಯ ಬಸ್ಸಿನವರು ಬೇಡವೆಂದರು. ಕಳ್ಳನೆನಿಸಿಕೊಂಡವನ ಹೆಸರು ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಕೊನೆಗೆ ಮಡಿಕೇರಿಗೂ ಹೋದರು. ವಾರ ಕಳೆದು ಬಂದು ನಮ್ಮ ಜಗಲಿಯಲ್ಲಿ ಕೂತರು. “ಅಲ್ಲೂ ಕೇಳಿದ್ರು ಕಣವ್ವ, ಶಾಲು ಏನ್ಮಾಡ್ದೆ ಅಂತ” ಎಂದರು. ಆಮೇಲೆ ಅವರು ಆ ಊರನ್ನು ಹೊಗಳಿದ್ದನ್ನು ನಾನು ಕೇಳಲಿಲ್ಲ.

ಎರಡನೆಯ ಮಹಾಯುದ್ಧ ಬಂತು. ಪೆಟ್ರೋಲು ಸಿಗದಾಯಿತು. ಬಸ್ಸುಗಳ ಬೆನ್ನಿಗೆ ದೊಡ್ಡ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸತೊಡಗಿದರು. ಇದ್ದಿಲು ತುಂಬಿ, ಗಾಳಿಯ ಚಕ್ರ ತಿರುಗಿಸಿ, ಬೂದಿ ಕೆದಕುವುದಕ್ಕೆ ಆಳು ಬೇಕಿತ್ತು. ಆ ಕೆಲಸಕ್ಕೆ ಕಳ್ಳನೂ ಆಗುತ್ತಾನೆ, ಇದ್ದಿಲನ್ನು ಯಾರು ಕದ್ದಾರು? ಅದೇ ಮಾಲೀಕರು ಅವರನ್ನು ಕರೆಸಿಕೊಂಡರು. ತಾವು ಓಡಿಸಿದ ಅದೇ ಬಸ್ಸಿನ ಹಿಂದೆ ನಿಂತು ಅವರು ಆ ಸೊಟ್ಟ ಕೈಯಲ್ಲಿ ಚಕ್ರ ತಿರುಗಿಸುವುದನ್ನು ನಾನು ನೋಡಿದೆ. ಮುಖವೆಲ್ಲ ಮಸಿ. ನನ್ನನ್ನು ಕಂಡು ಹಲ್ಲು ಬಿಟ್ಟರು.

“ಇದ್ದಿಲಿಗೆ ಮುಲಾಜಿಲ್ಲ ಕಣವ್ವ. ಕಾಯೋತನಕ ಸಾಹುಕಾರ್ರೂ ಕುಂತಿರ್ಬೇಕು, ನೋಡು.”

ಸಾಹುಕಾರರು ಮುಂದಿನ ಸೀಟಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಾ ಕೂತಿದ್ದರು. ಅಷ್ಟು ಸಣ್ಣ ಸುಖ ಡ್ರೈವರ್ ಮಾಮನಿಗೆ ಸಾಕಾಯಿತಲ್ಲ ಎಂದು ನನಗೆ ಅಳು ಬಂತು. ನನ್ನ ಮಗಳನ್ನು ಹತ್ತಿರ ಕರೆದು, ಮಸಿ ತಾಗದ ಹಾಗೆ ಮೊಣಕೈಯಿಂದ ಅವಳ ತಲೆ ಸವರಿದರು. ನಿನಗಾಗಿ ನನ್ನ ಕೆಲಸ ಹೋಯಿತು ಎಂದು ಒಂದು ದಿನವೂ ನನಗೆ ಅನ್ನಿಸುವ ಹಾಗೆ ನಡೆದುಕೊಳ್ಳಲಿಲ್ಲ. ಊರನ್ನು ಬೈದರು, ರಸ್ತೆಯನ್ನು ಬೈದರು, ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ.

ಆ ಹೊಗೆ ಅವರ ಎದೆ ಹೊಕ್ಕಿತು. ಕೆಮ್ಮಿ ಕೆಮ್ಮಿ ಸಣ್ಣಗಾದರು. ಗೋಡೆಯಾಚೆಯ ಕೆಮ್ಮು ಒಂದು ಬೆಳಿಗ್ಗೆ ನಿಂತಿತು. ಆಗ ನಾನು ತವರಿನಲ್ಲೇ ಇದ್ದೆ.

ಅವರನ್ನು ಹೊತ್ತವರು ನಮ್ಮ ಗಲ್ಲಿಯಿಂದ ದೊಡ್ಡ ರಸ್ತೆಗೆ ಬಂದಾಗ ಹಿಂದಿನಿಂದ ಮೈಸೂರು ಬಸ್ಸು ಬಂತು. ಸಾಹುಕಾರರು ಹತ್ತಿ ಆಗಿತ್ತು, ಇನ್ನು ಬಸ್ಸು ಕಾಯುವುದು ಯಾರಿಗಾಗಿ? ಹೊಸ ಡ್ರೈವರು ಹಾರನ್ ಒತ್ತಿದ. ಇನ್ನೊಮ್ಮೆ ಒತ್ತಿದ. ಹೆಗಲು ಕೊಟ್ಟವರು, ನಮ್ಮೂರಿನವರೇ ತಾನೆ, ಅಭ್ಯಾಸ ಬಲದಿಂದ ಚರಂಡಿಯ ಅಂಚಿಗೆ ಸರಿಯತೊಡಗಿದರು.

ನಾನು ಜಗಲಿ ಇಳಿದು ಹೋಗಿ ಬಸ್ಸಿನ ಮುಂದೆ, ರಸ್ತೆಯ ನಡುವೆ ನಿಂತೆ. ನನ್ನ ಮಗಳು ಓಡಿ ಬಂದು ಸೆರಗು ಹಿಡಿದುಕೊಂಡಳು.

“ಸರ್ಕೊಳ್ಳಿ ಅಮ್ಮಾ, ಟೈಮಾಯ್ತದೆ” ಎಂದ ಡ್ರೈವರು.

“ಈ ಬಸ್ಸು ಯಾವತ್ತು ಟೈಮಿಗೆ ಹೊಂಟಿತ್ತಪ್ಪ?” ಎಂದೆ.

ಸಾಹುಕಾರರು ನನ್ನ ಗುರುತು ಹಿಡಿದರು. ಮುಖ ಆ ಕಡೆ ತಿರುಗಿಸಿಕೊಂಡರು. ಬಸ್ಸಿನೊಳಗಿನವರು ಎಂದಿನಂತೆ ತುಟಿ ಬಿಚ್ಚದೆ ಕೂತಿದ್ದರು. ಹೊತ್ತವರು ಮತ್ತೆ ರಸ್ತೆಯ ನಡುವಿಗೆ ಬಂದು, ನಿಧಾನವಾಗಿ ನಡೆದು, ಖಬರಸ್ತಾನದ ತಿರುವಿನಲ್ಲಿ ಮರೆಯಾದರು. ಆಮೇಲೆ ನಾನು ಪಕ್ಕಕ್ಕೆ ಸರಿದೆ, ಬಸ್ಸು ಹೋಯಿತು. ಎರಡು ಜೀವ ಉಳಿಸಿದವರಿಗೆ ನನ್ನಿಂದ ಕೊಡಿಸಲಾದದ್ದು ಅರ್ಧ ಬೀದಿಯ ದಾರಿ, ಅದೂ ಅವರು ಸತ್ತ ಮೇಲೆ.