ಪೂಜೆಗೆ ಕಾಯುತ್ತಿದ್ದ ಟೈರು

ಮೊನ್ನೆ ಹಿರಿಯೂರಿನಲ್ಲಿ ನನ್ನ ಸ್ಕೂಟರಿಗೆ ಹೊಸ ಟೈರು ಕೊಂಡೆ. ಸುತ್ತಿದ್ದ ಕಾಗದ ಬಿಚ್ಚುತ್ತಲೇ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಭಾವನ ನಡುಮನೆಯಲ್ಲಿ ಒಂದು ಕಾಲಕ್ಕೆ ಇದೇ ವಾಸನೆ ತುಂಬಿತ್ತು...

ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಳಲ್ಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಸುತ್ತಮುತ್ತ ಎಲ್ಲಿ ಬೈಕ್ ರೇಸ್ ನಡೆದರೂ ಓಡಿಸಲು ಹೋಗುತ್ತಿದ್ದರು. ಒಂದು ವರ್ಷ ತಮ್ಮ ಬೈಕಿನ ಹಿಂದಿನ ಚಕ್ರಕ್ಕೆಂದು, ಕೆಸರಿಗೇ ಮಾಡಿದ ಎತ್ತರದ ಹಲ್ಲುಗಳ ಟೈರು ತಂದು ಮಂಚದ ಕೆಳಗಿಟ್ಟರು. ಆಯುಧಪೂಜೆಯ ದಿನ ಕುಂಕುಮ ಇಟ್ಟ ಮೇಲೆಯೇ ಅದು ನೆಲ ಮುಟ್ಟಬೇಕೆಂದು ಹಟ. ಅವರ ಮನೆಯಲ್ಲಿ ಹೊಸ ಕುಡುಗೋಲಿಗೂ ಅದೇ ಪದ್ಧತಿಯಂತೆ. ಊರಿನ ರೇಸ್ ಮಾತ್ರ ಹಬ್ಬಕ್ಕಿಂತ ಒಂದು ವಾರ ಮೊದಲೇ ಬಂತು.

ಹಳೆಯ ಟೈರಿನ ಹಲ್ಲು ಸವೆದು ಅಂಚು ದುಂಡಗಾಗಿತ್ತು. ಒಣ ನೆಲದಲ್ಲಾದರೆ ಹೇಗೋ ನಡೆಯುತ್ತಿತ್ತು. ಆದರೆ ಮಳೆ ಹೊಯ್ದು ಎರೆಮಣ್ಣಿನ ಮೈದಾನ ಅಂಟಾಗಿತ್ತು. ಬೆಳಗಿನ ಅಭ್ಯಾಸದಲ್ಲೇ ಉಳಿದ ಸಂದುಗಳಿಗೆ ಮಣ್ಣು ಮೆತ್ತಿ ಟೈರು ಪೂರಾ ಬೋಳಾಯಿತು. ಬಂಡೆಯ ಪಕ್ಕದ ತಿರುವಿನಲ್ಲಿ ಭಾವ ಎರಡು ಸಲ ಜಾರಿದರು. ನೋಡಲಾರದೆ ನಾನು ಮನೆಗೆ ಹೋಗಿ ಹೊಸ ಟೈರು ಹೊತ್ತು ತಂದೆ. ಅಕ್ಕನೂ ಜೊತೆಗೆ ಬಂದಳು. ಬದಲಿಸಲು ಸಮಯವಿತ್ತು, ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ನಿಂತಿದ್ದ.

“ಹಾಕ್ಕಳ್ರಿ. ಹಬ್ಬದ ದಿನ ತೊಳ್ದು ಪೂಜೆ ಮಾಡಾಣ,” ಎಂದಳು ಅಕ್ಕ.

“ಕೆಸ್ರಾಗೆ ಹೊಳ್ಳಾಡಿದ್ದಕ್ಕೆ ಏನ್ ಪೂಜೆನೇ? ತಗಂಡೋಗಿ ಮನೇಲಿಡು,” ಎಂದ ಭಾವ ನನ್ನತ್ತ ತಿರುಗಿದರು. “ಲೇ, ನೀನು ಮೊದ್ಲು ಬೈಕ್ ಓಡ್ಸೋದು ಕಲ್ತ್ಕ. ಆಮೇಲೆ ನಂಗೆ ಹೇಳುವಂತೆ.”

ಇವತ್ತಿಗೂ ಸಿಟ್ಟು ಬರುತ್ತದೆ. ಕೆಸರಿಗೆಂದೇ ತಂದ ಟೈರು, ಕಣ್ಣೆದುರಿಗೆ ಕೆಸರು, ಕೈಯಳತೆಯಲ್ಲಿ ಟೈರು... ಇನ್ನೇನು ಬೇಕಿತ್ತು ಆ ಮನುಷ್ಯನಿಗೆ?

ರೇಸಿನ ಎರಡನೆಯ ಸುತ್ತು, ಅದೇ ತಿರುವು. ಮುಂದಿನ ಚಕ್ರ ತಿರುಗಿತು. ಹಿಂದಿನದು ನೆಲ ಕಚ್ಚದೆ ಪಕ್ಕಕ್ಕೆ ಸರಿಯಿತು... ನಾನು ಕಂಡದ್ದು ಅಷ್ಟೇ. ಆಮೇಲೆ ಬಂಡೆಗೆ ಬಡಿದ ಸದ್ದು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಭಾವ ಹೋಗಿಬಿಟ್ಟಿದ್ದರು.

ಹಬ್ಬದ ದಿನ ಮನೆಯಲ್ಲಿ ಸೂತಕ. ಟೈರಿಗೆ ಪೂಜೆಯಾಗಲಿಲ್ಲ.

ಮೊನ್ನೆ ಅಂಗಡಿಯವನು ಟೈರು ಕೈಗೆತ್ತಿಕೊಂಡು, “ಮುಂದಿನ ವಾರ ಆಯುಧಪೂಜೆ ಐತಲ್ಲ ಸಾರ್, ಅವತ್ತೇ ಹಾಕಾಣೇನು?” ಎಂದು ಕೇಳಿದ.

“ಈಗ್ಲೇ ಹಾಕಪ್ಪ,” ಎಂದೆ.

ರಸ್ತೆ ಒಣಗಿಯೇ ಇತ್ತು. ಆದರೂ ಅವನು ಚಕ್ರ ಕೂರಿಸಿ ಮುಗಿಸುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಭಾವ ಕಂಡಿದ್ದರೆ ಬೈಯುತ್ತಿದ್ದರು. ಬೈಯಲಿಕ್ಕಾದರೂ ಇರಬೇಕಿತ್ತು...