ಕಡ್ಡಿ ಅಕ್ಕನ ಬಲಗಣ್ಣು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕಡ್ಡಿ ಅಕ್ಕ ಎಂದೇ ಕರೆಯುತ್ತಿದ್ದರು. ಹಲ್ಲುಕಡ್ಡಿ ಹಿಡಿದು ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತವಳಿಗೆ ಇನ್ನೇನು ಹೆಸರಿಟ್ಟಾರು? ಬಂದದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ಒಂದು ದಿನ ತೊಳೆಯಲು ಕೊಟ್ಟ, ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯನ್ನು ಕಿಟಕಿಗೆ ಹಿಡಿದು, "ಇದರಲ್ಲಿ ಒಂದು ಚುಕ್ಕಿ ಬೇರೆ ಥರ ಹೊಳೀತಿದೆಯಲ್ಲಾ" ಎಂದಳು. ಪ್ರಯೋಗಾಲಯ ನಡೆಸುವ ಮೇಡಂ ಅವಳ ಕೈಯಿಂದ ಬ್ರಷ್ಷು ಕಿತ್ತುಕೊಂಡು ಕಡ್ಡಿ ಕೊಟ್ಟರು. ಓದಿದ್ದು ಏಳನೇ ತರಗತಿ; ಅಂದಿನಿಂದ ಕಣ್ಣೇ ಅವಳ ಪದವಿ.

ಕೆಲಸ ಹೇಳಲು ಸುಲಭ. ಮೆದುಳಿನ ನರಕೋಶಗಳು ಮಾತಾಡಿಕೊಳ್ಳುವುದು ವಿದ್ಯುತ್ತಿನಲ್ಲಿ. ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಆ ಮಿಡಿತ ಹತ್ತಾರು ಸಲ ಬಂದು ಹೋಗಿರುತ್ತದೆ. ಅದನ್ನು ಕಾಣಬೇಕೆಂದರೆ ಕೋಶದ ಪೊರೆಯಲ್ಲಿ ಹೊಳೆಯುವ ಪ್ರೋಟೀನೊಂದನ್ನು ಕೂರಿಸಬೇಕು. ಕೋಶ ಮಿಡಿದಾಗ ಅದರ ಬೆಳಕು ಬದಲಾಗಬೇಕು. ಅಂಥದ್ದು ಎಲ್ಲೂ ಬಿದ್ದು ಸಿಗುವುದಿಲ್ಲ. ಪ್ರೋಟೀನಿನ ಸರದಲ್ಲಿ ಒಂದೊಂದು ಮಣಿ ಬದಲಿಸಿ, ಸಾವಿರಾರು ಬಗೆ ಮಾಡಿ, ಬ್ಯಾಕ್ಟೀರಿಯಾಗಳ ಹೊಟ್ಟೆಗೆ ಹೊಗಿಸಿ ತಟ್ಟೆಯಲ್ಲಿ ಬೆಳೆಸುತ್ತಾರೆ. ಗಸಗಸೆ ಕಾಳಿನಷ್ಟು ಚುಕ್ಕಿಗಳು ಏಳುತ್ತವೆ, ಒಂದೊಂದೂ ಒಂದೊಂದು ಬಗೆ. ನೀಲಿ ದೀಪದಡಿ, ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು, ಚೆನ್ನಾಗಿ ಹೊಳೆಯುವುದನ್ನು ಅಕ್ಕ ಕಡ್ಡಿಯಿಂದ ಎತ್ತುತ್ತಾಳೆ, ಮಂಕಾದದ್ದನ್ನು ಬಿಡುತ್ತಾಳೆ. ಎತ್ತಿದ್ದು ಮುಂದೆ ನರಕೋಶದಲ್ಲಿ ಪರೀಕ್ಷೆಗೆ ಹೋಗುತ್ತದೆ. ಬಿಟ್ಟದ್ದು ಹಬೆಯ ಹಂಡೆಯಲ್ಲಿ ಬೆಂದು ಕಸಕ್ಕೆ ಹೋಗುತ್ತದೆ.

ಎಂಟು ತಿಂಗಳ ಹಿಂದೆ ಅವಳ ಬಲಗಣ್ಣಿಗೆ ಮಂಜು ಕವಿಯಿತು. ಎಡಗಣ್ಣು ಹುಟ್ಟು ಸೋಮಾರಿ, ಇದ್ದದ್ದೇ ಬಲಗಣ್ಣಿನ ದುಡಿಮೆ. ಮೊದಲು ಕನ್ನಡಕ ಒರೆಸಿ ಒರೆಸಿ ಸವೆಸಿದಳು. ಆಮೇಲೆ ದೀಪದ ಮೇಲೆ ತಪ್ಪು ಹೊರಿಸಿ, ಜಗಳ ಮಾಡಿ ಹೊಸ ದೀಪ ತರಿಸಿದಳು. ದೀಪ ಹೊಸದಾಯಿತು, ಮಂಜು ಹಾಗೆಯೇ ಉಳಿಯಿತು. ಗಡಿಯಾರ ರಿಪೇರಿ ಮಾಡುವ ಗಂಡ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಹೇಳಿದ: "ಸಕ್ಕರೆ ಡಬ್ಬಿ ಅಂತ ಉಪ್ಪಿನ ಡಬ್ಬಿ ಎತ್ತೋದು ಇದು ಮೂರನೇ ಸಲ. ಕಣ್ಣು ತೋರಿಸ್ಕೊಳ್ಳೇ."

"ತೋರಿಸ್ಕೊಂಡ್ರೆ ರಜ ಕೇಳ್ಬೇಕು, ಕಾರಣ ಹೇಳ್ಬೇಕು. ಚುಕ್ಕಿ ಎತ್ತೋ ಯಂತ್ರದ ಚಿತ್ರ ಆಗ್ಲೇ ಮೇಡಂ ಮೇಜಿನ ಮೇಲಿದೆ, ಗೊತ್ತಾ?" ಎಂದಳು. ಗಂಡ ಉಪ್ಪಿನ ಚಹಾ ಚೆಲ್ಲಿ ಬಂದ.

ಅಂದಿನಿಂದ ಅಕ್ಕ ಒಂದು ಉಪಾಯ ಹೂಡಿದಳು. ಹೊಳೆಯುತ್ತಿದೆಯೋ ಇಲ್ಲವೋ ತಿಳಿಯದ ಚುಕ್ಕಿಯನ್ನೂ ಎತ್ತಿಬಿಡುವುದು. ಹೊಳೆಯುವುದನ್ನು ಬಿಟ್ಟರೆ ಸಿಕ್ಕಿಬೀಳುತ್ತಾಳೆ. ಮಂಕಾದದ್ದನ್ನು ಎತ್ತಿದರೆ ಯಾರಿಗೆ ಗೊತ್ತಾಗಬೇಕು? ಆದರೂ ಹಾಗೆ ಎತ್ತಿದ ಪ್ರತಿಯೊಂದರ ಪಕ್ಕದಲ್ಲೂ, ಎತ್ತಿದ್ದನ್ನೆಲ್ಲ ಬರೆದಿಡುವ ಪುಸ್ತಕದಲ್ಲಿ, ಸಣ್ಣ ಪೆನ್ಸಿಲ್ ಗೀಟು ಹಾಕುತ್ತಿದ್ದಳು. ಮೋಸ ಮಾಡುವಾಗಲೂ ಅಚ್ಚುಕಟ್ಟು ಬಿಡದ ಹೆಂಗಸು. ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ಸಾಕು, ಪುಸ್ತಕ ಮುಚ್ಚಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ, ನರಕೋಶಗಳ ಪರೀಕ್ಷೆ ನಡೆಯುವ ಕ್ಯಾಮೆರಾ ಕೋಣೆಯಲ್ಲಿ ಗದ್ದಲವೆದ್ದಿತು. ತನ್ನ ಬಣ್ಣ ಬಯಲಾಯಿತು ಎಂದೇ ಅಕ್ಕ ಅಂದುಕೊಂಡಳು. ಹೋಗಿ ನೋಡಿದರೆ ಎಲ್ಲರೂ ಪರದೆಯ ಮುಂದೆ ಗುಂಪುಗೂಡಿದ್ದರು. ಮೇಡಂ ಅವಳ ಕೈ ಹಿಡಿದು ಎಳೆದುಕೊಂಡರು.

"ನೋಡಿ ಅಕ್ಕಾ, ನಿಮ್ಮ ಅರವತ್ತೊಂದನೇ ತಟ್ಟೆದು. ಕೋಶ ಸುಮ್ಮನಿದ್ದಾಗ ಕತ್ತಲು, ಮಿಡಿದಾಗ ಬೆಳಕು! ಇಷ್ಟು ದಿನ ನಮ್ಮವು ಯಾವಾಗಲೂ ಹೊಳೀತಾನೇ ಇದ್ವು. ಮಟಮಟ ಮಧ್ಯಾಹ್ನ ದೀಪ ಹಚ್ಚಿದ್ರೆ ಯಾರಿಗೆ ಕಾಣುತ್ತೆ? ತಟ್ಟೇಲಿ ಮಿಡಿತಾನೇ ಇಲ್ವಲ್ಲ, ಅಲ್ಲಿ ಇದು ಕತ್ತಲಾಗೇ ಇರುತ್ತೆ. ಬೇರೆ ಯಾರೇ ಆಗಿದ್ರೂ ಇದನ್ನ ಮಂಕು ಅಂತ ಬಿಸಾಕ್ತಿದ್ರು. ಏನು ಕಣ್ಣು ನಿಮ್ದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ನಗುವ ಪ್ರಯತ್ನ ಮಾಡಿದಳು.

"ನಾಳೆ ಹತ್ತು ಗಂಟೆಗೆ, ಅದನ್ನ ಹೇಗೆ ಗುರುತು ಹಿಡಿದ್ರಿ ಅಂತ ನೀವೇ ಹೇಳ್ಬೇಕು. ನಮ್ಮ ಲೇಖನದಲ್ಲಿ ಬರೀತೀವಿ. ಅದನ್ನ ಓದಿ ಎಲ್ಲಾ ಕಡೆ ಹಾಗೇ ಹುಡುಕ್ತಾರೆ," ಎಂದರು ಮೇಡಂ.

ಮನೆಗೆ ಹೊರಟ ಬಸ್ಸಿನಲ್ಲಿ ಅಕ್ಕನಿಗೆ ಅದೇ ಯೋಚನೆ. ಏನೆಂದು ಹೇಳುವುದು? ಎರಡು ನಿಲ್ದಾಣ ದಾಟುವಷ್ಟರಲ್ಲಿ ಒಂದು ಸುಳ್ಳು ಹೊಳೆಯಿತು: ಚುಕ್ಕಿಯ ಅಂಚಿನಲ್ಲಿ ತೆಳ್ಳಗೆ ಹಸಿರು ಉಂಗುರವಿತ್ತು. ಚೆನ್ನಾದ ಸುಳ್ಳು. ಇಳಿಯುವಾಗ ಅದಕ್ಕೆ ಅವಳೇ ಹೆದರಿದಳು. ಲೇಖನ ಓದಿ ಎಲ್ಲೆಲ್ಲಿನವರೋ ಇಲ್ಲದ ಉಂಗುರ ಹುಡುಕುತ್ತ, ಇರುವ ಚುಕ್ಕಿಯನ್ನು ಹಂಡೆಗೆ ಹಾಕುತ್ತಾರೆ. ಹಾಕಲಿ, ತನ್ನ ಕೆಲಸ ಉಳಿದರೆ ಸಾಕು ಎಂದುಕೊಂಡಳು.

ಬೆಳಿಗ್ಗೆ ಮೇಜಿನ ಸುತ್ತ ಏಳು ಜನ. ಅಕ್ಕನ ಪಕ್ಕದಲ್ಲೇ ಹೊಸದಾಗಿ ಸೇರಿದ ಹುಡುಗಿ. ಅಕ್ಕನ ಹತ್ತಿರ ಕೆಲಸ ಕಲಿಯಬೇಕಾದವಳು.

"ಅಂಚಿನಲ್ಲಿ," ಎಂದು ಅಕ್ಕ ಶುರುಮಾಡಿದಳು, "ಒಂದು ಉಂಗುರದ ಥರ..."

ಹುಡುಗಿ ತನ್ನ ನೋಟ್‌ಪುಸ್ತಕದಲ್ಲಿ 'ಉಂಗುರ' ಎಂದು ದುಂಡಗೆ ಬರೆದಳು. ಕೆಳಗೆ ಎರಡು ಗೆರೆ ಎಳೆದಳು. ಎಷ್ಟು ನಂಬಿಕೆಯಿಂದ ಎಳೆದಳೆಂದರೆ ಅಕ್ಕ ಆ ಪದದ ಮೇಲೆ ಬೆರಳಿಟ್ಟಳು.

"ಹೊಡೆದು ಹಾಕಮ್ಮ ಅದನ್ನ," ಎಂದಳು. "ಉಂಗುರಾನೂ ಇಲ್ಲ, ಗಿಂಗುರಾನೂ ಇಲ್ಲ. ನನಗೆ ಏನೂ ಕಾಣ್ಲಿಲ್ಲ. ಕಾಣ್ಲಿಲ್ಲ ಅಂತಾನೇ ಎತ್ಕೊಂಡೆ. ಎಂಟು ತಿಂಗಳಿಂದ ನನ್ನ ಕಣ್ಣು ಸರಿ ಇಲ್ಲ ಮೇಡಂ."

ಮೇಡಂ ಮುಖ ಕೆಂಪಾಯಿತು.

"ಎಂಟು ತಿಂಗಳು! ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

"ಹೇಳಿದ್ರೆ ಕುರ್ಚಿ ಬಿಡ್ಬೇಕಿತ್ತಲ್ಲ."

"ಹೀಗೆ ಅನುಮಾನದಲ್ಲಿ ಎತ್ತಿದ್ದು ಎಷ್ಟು?"

"ನಾನೂರ ಹನ್ನೆರಡು. ಪುಸ್ತಕದಲ್ಲಿ ಗೀಟು ಹಾಕಿದ್ದೀನಿ."

ಮೇಡಂ ಅಕ್ಕನ ಪುಸ್ತಕ ತರಿಸಿ ಹಾಳೆ ತಿರುವಿದರು. ಬೆರಳು ಒಂದೊಂದೇ ಗೀಟಿನ ಮೇಲೆ ಇಳಿಯಿತು. ಆಮೇಲೆ ಎಂಟು ತಿಂಗಳಿಗೂ ಹಿಂದಕ್ಕೆ ಹೋದರು. ಅಲ್ಲಿ ಗೀಟುಗಳೇ ಇರಲಿಲ್ಲ.

"ಕಣ್ಣು ಚೆನ್ನಾಗಿದ್ದಾಗ? ಆಗ ಮಂಕಾಗಿದ್ದವೆಲ್ಲ?"

"ಹಂಡೆಗೆ ಹಾಕಿದೆ ಮೇಡಂ," ಎಂದಳು ಅಕ್ಕ. "ಇಪ್ಪತ್ತೆರಡು ವರ್ಷ. ನೀವು ಹೇಳಿಕೊಟ್ಟ ಹಾಗೇ."

"ಅವುಗಳಲ್ಲಿ ಇಂಥವು ಎಷ್ಟಿದ್ವೋ," ಎಂದು ಮೇಡಂ ಪುಸ್ತಕ ಮುಚ್ಚಿದರು. ಆಮೇಲೆ, ಸಿಟ್ಟೆಲ್ಲ ಇಳಿದ ದನಿಯಲ್ಲಿ, "ಸೋಮವಾರ ಕಣ್ಣಿನ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಈಗ ಹೋಗಿ ಕೂತ್ಕೊಳ್ಳಿ, ತಟ್ಟೆಗಳು ಕಾಯ್ತಿವೆ," ಎಂದರು.

ಅಕ್ಕನಿಗೆ ನಿರಾಳವಾಗಬೇಕಿತ್ತು, ಆಗಲಿಲ್ಲ. ನೀಲಿ ದೀಪದಡಿ ಮೊದಲ ತಟ್ಟೆ ಇಟ್ಟಳು. ಮೂಲೆಯಲ್ಲೊಂದು ಚುಕ್ಕಿ, ಅವಳ ಕಣ್ಣಿಗೂ ಅನುಮಾನವೇ ಬಾರದಷ್ಟು ಮಂಕು. ಅಭ್ಯಾಸದಂತೆ ಕಡ್ಡಿ ಅದನ್ನು ದಾಟಿಹೋಯಿತು. ಅಕ್ಕ ಕೈ ನಿಲ್ಲಿಸಿದಳು, ಹಿಂದಕ್ಕೆ ತಂದಳು, ಅದನ್ನು ಎತ್ತಿಕೊಂಡಳು.