ಚೌರಪ್ಪನಿಗೆ ಬೇಕಿದ್ದ ಕ್ಷಮೆ

ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯ ಚೌರಪ್ಪನನ್ನು ಜನ ಕರೆಯುವುದೇ ‘ಮಿಲಿಟ್ರಿ ಚೌರಪ್ಪ’ ಎಂದು. ಸ್ವಾತಂತ್ರ್ಯ ದಿನ ಬಂದರೆ ನಮ್ಮ ಶಾಲೆಯಲ್ಲಿ ಹಾರ ಹಾಕಿ ಕಾರ್ಗಿಲ್ ಕಥೆ ಹೇಳಿಸುತ್ತೇವೆ. ಅವನು ಹಿಮ, ಚಳಿ ಎಂದು ಏನೋ ಹೇಳಿ ಕೂತುಬಿಡುತ್ತಾನೆ. ಉಳಿದದ್ದನ್ನು ಹೇಳಿದ್ದು ಚರ್ಚಿನಲ್ಲಿ, ಮತ್ತೆ ನನ್ನ ಹತ್ತಿರ.

“ಮೇಷ್ಟ್ರೇ, ಗುಂಡು ಹೊಡೆದಿದ್ದು ಹುಕುಂ. ಅದಕ್ಕೆ ನಾನು ಅಳಲ್ಲ. ಆದ್ರೆ ಆ ಕಡೆ ಸಿಪಾಯಿ ಬಿದ್ದಾಗ ಖುಷಿ ಆತು ನೋಡ್ರಿ. ಅವನ ಚೀಲದಾಗೆ ಖರ್ಜೂರ ಇತ್ತು, ಪಕ್ಕದಲ್ಲೇ ಕೂತ್ಕಂಡು ತಿಂದೆ. ಅಷ್ಟು ರುಚಿ ಆಮೇಲೆ ಯಾವತ್ತೂ ಸಿಕ್ಕಿಲ್ಲ.”

ಚರ್ಚಿನಲ್ಲಿ ಫಾದರ್ ಎದುರು ತಪ್ಪೊಪ್ಪಿಕೊಂಡು ಕ್ಷಮೆ ಬೇಡುವ ಪಾಪನಿವೇದನೆಗೆ ಹೋದಾಗಲೆಲ್ಲ ಇದನ್ನೇ ಹೇಳುತ್ತಿದ್ದ. ವರ್ಗವಾಗಿ ಬಂದ ಫಾದರ್‌ಗಳೆಲ್ಲರದೂ ಒಂದೇ ಉತ್ತರ: ಅದು ದೇಶದ ಕೆಲಸ, ಪಾಪವಲ್ಲ, ನೆಮ್ಮದಿಯಾಗಿರು. ಒಳ್ಳೆಯವರೇ. ಆದರೆ ಹೀಗೆ ಬೆನ್ನು ತಟ್ಟಿ ಸಾಗಹಾಕುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. “ಪಾಪಾನೇ ಅಲ್ಲ ಅಂದ್ರೆ ಕ್ಷಮೆ ಹೆಂಗೆ ಕೇಳ್ಲಿ?” ಎನ್ನುತ್ತಿದ್ದ ಚೌರಪ್ಪ. ಅವನಿಗೆ ಬೇಕಿದ್ದದ್ದು ಅದೊಂದೇ.

ಈ ವರ್ಷ ಅಂಬ್ಲಿಗೊಳ ಕಾಲುವೆ ಪಕ್ಕದ ಮೆಕ್ಕೆಜೋಳಕ್ಕೆ ಕಾಡುಹಂದಿ ಕಾಟ ವಿಪರೀತ. ಹೊಲದ ಯಜಮಾನ ಕೊಟ್ರೇಶ್ ತನ್ನ ಕೋವಿ ತಂದು ಚೌರಪ್ಪನ ಜಗುಲಿಯ ಮೇಲಿಟ್ಟ. “ಹಂದಿ ಬಂದ್ರೆ ಬರೀ ಬೆದರಿಸ್ರಿ, ಸಾಕು,” ಎಂದ. ಚೌರಪ್ಪನ ಹೆಂಡತಿ ನಿರ್ಮಲಮ್ಮ ಬೇಡವೆಂದಳು. ಕೆಲವು ದಿನ ಚೌರಪ್ಪ ಅದನ್ನು ಮುಟ್ಟಲಿಲ್ಲ. ಆಮೇಲೊಂದು ಬೆಳಿಗ್ಗೆ ನೋಡಿದರೆ ಎಣ್ಣೆ ಹಚ್ಚಿ ಒರೆಸುತ್ತ ಏನೋ ಹಾಡು ಗುನುಗುತ್ತಿದ್ದ. ಅವನು ಗುನುಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನನಗೆ ಭಯವಾಯಿತು.

ಸಂಜೆ ಹೊಲಕ್ಕೆ ನಾನೂ ಜೊತೆಗೆ ಹೋದೆ. ಜೋಳದ ನಡುವೆ ಏನೋ ಸರಿದಾಡಿತು. ಚೌರಪ್ಪ ಏನೆಂದು ನೋಡಲಿಲ್ಲ, ಕೂಗಿ ಕೇಳಲೂ ಇಲ್ಲ. ಕೋವಿ ಆಗಲೇ ಹೆಗಲಿಗೇರಿತ್ತು, ಮುಖದಲ್ಲಿ ನಗುವಿತ್ತು. ಆಗ ಒಳಗಿಂದ ಕೆಮ್ಮು ಕೇಳಿಸಿತು. ಕೊಟ್ರೇಶನ ಕೆಲಸದಾಕೆ ಹಾಲಮ್ಮ ಹುಲ್ಲಿನ ಹೊರೆ ಹೊತ್ತು ಹೊರಗೆ ಬಂದಳು. “ಇನ್ನೂ ಮನಿಗೆ ಹೋಗ್ಲಿಲ್ಲೇನ್ರಿ?” ಎಂದು ಕೇಳಿ ನಡೆದುಹೋದಳು.

ಶನಿವಾರ ನಾನು ಚರ್ಚಿನ ಹೊರಗೆ ಕಾದೆ. ಅವನು ಬಹಳ ಹೊತ್ತಿನ ಮೇಲೆ ಬಂದ.

“ಯಾರಿಗೂ ಏನೂ ಆಗಿಲ್ವಲ್ಲ ಅಂದ್ರು ಫಾದರ್. ನೀವು ಪಾಪ ಅನ್ನೋತನಕ ನಾನು ಏಳಲ್ಲ ಅಂದೆ. ಕೊನೆಗೆ ಪಾಪ ಹೌದು ಅಂದು ಕ್ಷಮೆ ಕೊಟ್ರು.”

“ಹಗುರಾಯ್ತಲ್ಲ ಹಂಗಾದ್ರೆ?”

“ಕ್ಷಮೆ ಸಿಕ್ತು ಮೇಷ್ಟ್ರೇ. ಆ ಖುಷಿ ಇನ್ನೂ ಒಳಗೇ ಐತಿ. ನೀವೇ ಹೋಗಿ ಕೋವಿ ಕೊಟ್ರೇಶಂಗೆ ವಾಪಸ್ ಕೊಟ್ಟು ಬರ್ರಿ. ಅದು ಜಗುಲಿ ಮೇಲಿರೋತನಕ ನಾನು ಮನೆಗೆ ಬರಲ್ಲ.”

ಚರ್ಚಿನ ಮೆಟ್ಟಿಲ ಮೇಲೆ, ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು ಕೂತ.